ಹಾಡುವವನ ಕೂಲಿ

ಸಿರುಗುಪ್ಪ, ಕುರುಗೋಡು ಸೀಮೆಯ ಹಳ್ಳಿಗಳವರು ಬಳ್ಳಾರಿಯಿಂದ ಹಾರ್ಮೋನಿಯಂ ಮಾಸ್ತರನನ್ನು ಭಜನೆಗೆ ಕರಿಸುವದುಂಟು. ರಾತ್ರಿಯೆಲ್ಲಾ ಬಾರಿಸಿದವನು ಬೆಳಿಗ್ಗೆ ಕೂಲಿ ಕೇಳಿದರೆ, ದೇವರ ಹಾಡಿಗೂ ಹಣವೇ, ಪುರಂದರದಾಸರು ಕೇಳಿದರೇ ಎಂದು ಕೆಲವರು ಅನ್ನುವರು. ಇದು ನ್ಯಾಯವೋ?

ದಾಸರು ದೊಡ್ಡ ಐಶ್ವರ್ಯವನ್ನು ತೊರೆದು ಹಂಪೆಯಲ್ಲಿ ಭಿಕ್ಷೆಯಿಂದ ಜೀವಿಸಿದರೆಂದು ಪರಂಪರೆಯ ಮಾತು. ಸಿರುಗುಪ್ಪದ ಭತ್ತದ ಗದ್ದೆಗಳಿಗೆ ನೀರು ತರುವ ತುಂಗಭದ್ರೆಯ ದಡದಲ್ಲಿಯೇ, ಅಲ್ಲಿ, ಅವರ ಹೆಸರಿನ ಮಂಟಪವಿದೆ. 1564ರಲ್ಲಿ ತೀರಿಕೊಂಡರು. ಕೀರ್ತನೆಗಳಲ್ಲಿ ಅವರು ಇಟ್ಟ ಅಂಕಿತವು ದೇವರದು.

ಜರ್ಮನಿಯ ಬಾಖನು (1685–1750) ಸಹ ತನ್ನ ಅನೇಕ ಕೃತಿಗಳ ಕೊನೆಯಲ್ಲಿ, ದೇವರೊಬ್ಬನಿಗೇ ಮಹಿಮೆ ಎಂದು ಸೂಚಿಸುವ ಮೂರು ಅಕ್ಷರಗಳನ್ನು ಬರೆದನು. ಆದಾಗ್ಯೂ ಅವನು ಸಂಬಳಗಾರನು. 1723ರಿಂದ ಲೈಪ್ಸಿಗ್ ಪಟ್ಟಣದಲ್ಲಿ ಗಾನಗುರುವಾಗಿದ್ದನು. 1730ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ, ಊರಿನ ಗಾಳಿ ಚೆನ್ನಾಗಿದ್ದರೆ ಶವಸಂಸ್ಕಾರಗಳು ಕಡಿಮೆಯಾಗಿ ತನ್ನ ವರಮಾನವೂ ಇಳಿಯುವದೆಂದು ದೂರಿಕೊಂಡನು! ಮೊದಲು ಇದನ್ನೋದಿ ನಾನು ಮುಖ ಸಿಂಡರಿಸಿದೆನು. ಬಳಿಕ ಅವನಿಗೆ ಹುಟ್ಟಿದ ಮಕ್ಕಳು 20 ಎಂದು ತಿಳಿದಾಗ ಸುಮ್ಮನಾದೆನು. ಆ ಕೊರಗಿನಿಂದ ಆ ಮೂರು ಅಕ್ಷರಗಳು ಸುಳ್ಳಾಗಲಿಲ್ಲ.

ದಾಸರು ಬಿಟ್ಟದ್ದು ತಮ್ಮ ಹಣವನ್ನು; ನೆರೆಯವನ ಕೂಲಿಯನ್ನಲ್ಲ. ತ್ಯಾಗವನ್ನು ಮಾಡಬಹುದು, ಮತ್ತೊಬ್ಬನಿಂದ ಮಾಡಿಸಲಾಗದು. ಮಾಸ್ತರನ ಮನೆಯಲ್ಲಿಯೂ ಒಲೆ ಉರಿಯಬೇಕಷ್ಟೆ. ದಾಸರು ಭಿಕ್ಷೆಗೆ ನಿಂತ ಬಾಗಿಲುಗಳಲ್ಲಿಯೂ ಧಾನ್ಯ ನೀಡುವ ಕೈಗಳು ಇದ್ದವಲ್ಲವೇ?