ಮನೆಯೂ ತಪೋವನವೂ

ಧ್ಯಾನಕ್ಕೆ ಏಕಾಂತವು ಅವಶ್ಯವೆಂದು ಹಿರಿಯರು ಹೇಳುವರು. ಹಾಗಾದರೆ ಮಠವನ್ನು ಸೇರಲಾರದವರ ಗತಿಯೇನು? ಫ್ರಾನ್ಸ್ ದೇಶದ ಮಾದ್ಲೆನ್ ದೆಲ್‌ಬ್ರೆಲ್ (೧೯೦೪–೧೯೬೪) ಎಂಬ ಕ್ಯಾಥೋಲಿಕ್ ಮಹಿಳೆಯ ಜೀವಿತವು ಇದಕ್ಕೆ ಉತ್ತರವೀಯುತ್ತದೆ. ಯೌವನದಲ್ಲಿ ನಾಸ್ತಿಕಳಾಗಿದ್ದ ಈಕೆ ೧೯೨೪ರಲ್ಲಿ ಭಕ್ತೆಯಾದಳು. ೧೯೩೩ರಲ್ಲಿ ಪ್ಯಾರಿಸ್ಸಿನ ನೆರೆಯ ಈವ್ರಿ ಎಂಬ ಕಾರ್ಮಿಕರ ಊರನ್ನು ಸೇರಿ, ಕಮ್ಯೂನಿಸ್ಟರ ನಡುವೆ, ಸನ್ಯಾಸಿನಿಯ ವೇಷವಿಲ್ಲದೆ, ಗೆಳತಿಯರೊಡನೆ ವಾಸಿಸಿ ದೀನರ ಸೇವೆಗೈದಳು.

ಬಾಗಿಲು ತಟ್ಟಿದವನಿಗಾಗಿ ಪ್ರಾರ್ಥನೆಯಿಂದ ಏಳುವುದು ಧ್ಯಾನಭಂಗವಲ್ಲವೇ ಎಂದು ವಾಚಕರು ಕೇಳಬಹುದು. ಧ್ಯಾನವು ಸ್ವಸುಖಕ್ಕಾಗಿದ್ದರೆ ಭಂಗವೇ ಸರಿ. ಈಶ್ವರಾರ್ಪಿತವಾಗಿದ್ದರೆ, ತಟ್ಟಿದವನೂ ಅವನು ಕಳುಹಿದವನೇ. ಆದರೆ ಸೇವೆಯ ನೆಪದಿಂದ ಪ್ರಾರ್ಥನೆಯನ್ನೇ ತೊರೆದವನು ಈ ವಾದವನ್ನು ಆಶ್ರಯಿಸಲಾಗದು. ಏಳುವುದಕ್ಕೆ ಮೊದಲು ಕುಳಿತಿರಬೇಕಷ್ಟೆ. ಮನೆಯಲ್ಲಿದ್ದು ಮಮಕಾರವನ್ನು ಬಿಡುವುದು ವನವಾಸಕ್ಕಿಂತಲೂ ಕಠಿನವಾದ ವ್ರತವು.