ಸ್ಥಳವು ಕೊಂಚ, ಕೇಳುವವರು ಅನೇಕರು

10 ಮಂದಿಗೆ ಸಾಲುವ ಸ್ಥಳಕ್ಕೆ 20 ಮಂದಿ ಬಂದರೆ, ಮೊದಲು ಕುಳಿತವರು ನ್ಯಾಯವಾಗಿಯೇ ಕುಳಿತಿದ್ದಾರೆಂಬದರಿಂದ ಅವರ ಕರ್ತವ್ಯವು ತೀರಿತೋ? ಇಲ್ಲವೆ ನಿಂತವರ ವಿಷಯದಲ್ಲಿ ಕುಳಿತವರಿಗೆ ಇನ್ನೂ ಏನಾದರೂ ಸಾಲವುಂಟೋ? ಪ್ರಿಯ ವಾಚಕರೇ, ಈ ಪ್ರಶ್ನೆಯು ಸಣ್ಣದಾಗಿ ತೋರಿದರೂ ಮನೆಗಳಲ್ಲಿಯೂ ಸಭೆಗಳಲ್ಲಿಯೂ ಅನುದಿನ ಏಳುವಂಥದ್ದು. ದೂರದೇಶದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ. ಯಾಕಂದರೆ ಪರರ ಊರಿನ ವ್ಯಾಜ್ಯವನ್ನು ನಾವು ಶಾಂತಮನಸ್ಸಿನಿಂದ ನೋಡಬಲ್ಲೆವು, ನಮ್ಮ ಊರಿನದನ್ನು ಹಾಗೆ ನೋಡುವದು ಕಷ್ಟ.

ಅಮೇರಿಕ ದೇಶದಲ್ಲಿ ಕೆಲಸದಿಂದ ನಿವೃತ್ತರಾದ ವೃದ್ಧರಿಗೋಸ್ಕರವೇ ಕಟ್ಟಿಸಿದ ಊರುಗಳುಂಟು. ಅವುಗಳಲ್ಲಿ ಬಹು ಪ್ರಸಿದ್ಧವಾದದ್ದು ಅರಿಜೋನ ಸಂಸ್ಥಾನದ ಫೀನಿಕ್ಸ್ ಪಟ್ಟಣದ ಬಳಿಯಲ್ಲಿರುವ ಸನ್ ಸಿಟಿ. ಡೆಲ್ ವೆಬ್ ಎಂಬ ಗುತ್ತಿಗೆದಾರನ ಕಂಪೆನಿಯು ಅದನ್ನು 1960ನೆಯ ಇಸವಿ ಜನವರಿ 1ರಂದು ತೆರೆಯಿತು. ಆ ಮೇಲೆ ಇಂಥ ಊರುಗಳು ಅನೇಕವಾದವು. 1995ರಲ್ಲಿ ಆ ದೇಶದವರು ಮಾಡಿದ ಒಂದು ಕಾನೂನಿನ ಪ್ರಕಾರ, 55 ವರುಷದವರ ಊರೆನಿಸಿಕೊಳ್ಳಬೇಕಾದರೆ, ಜನವಾಸವಿರುವ ಪ್ರತಿ 100 ಮನೆಗಳಲ್ಲಿ 80 ಮನೆಗಳಲ್ಲಾದರೂ 55 ವರುಷ ತುಂಬಿದವರು ಒಬ್ಬರಿರಬೇಕು. ಅಲ್ಲಿ ಆಟ, ಹೊಲಿಗೆ, ಬಡಗಿಕೆಲಸ ಮುಂತಾದವುಗಳಿಗೆ ಬೇರೆ ಬೇರೆ ಕ್ಲಬ್ಬುಗಳುಂಟು. ಮಣ್ಣಿನ ಪಾತ್ರೆ ಮಾಡುವ ಕ್ಲಬ್ಬೂ ಅವುಗಳಲ್ಲಿ ಒಂದು. ಸೇರಿದವರು ಚಂದಾ ಕೊಟ್ಟು ತಿಗರಿಯನ್ನೂ ಆವಿಗೆಯನ್ನೂ ಉಪಯೋಗಿಸುತ್ತಾರೆ.

ನಮ್ಮ ಸೀಮೆಯಲ್ಲಿ ತಿಗರಿಯು ಕುಂಬಾರನ ಹೊಟ್ಟೆಪಾಡು. ಆದಕಾರಣ ಹಣ ಕೊಟ್ಟು ಮಣ್ಣು ಮಿದಿಯುವ ಮುದುಕರ ಸುದ್ದಿಯನ್ನು ಕೇಳಿ ಕೆಲವರು ನಕ್ಕಾರು. ಆದರೆ ಸ್ವಲ್ಪ ಆಲೋಚಿಸಿರಿ. 40 ವರುಷ ದುಡಿದ ಮನುಷ್ಯನಿಗೆ ಒಂದೇ ದಿವಸದಲ್ಲಿ ಕೆಲಸವು ನಿಂತುಹೋಗುತ್ತದೆ. ಮಕ್ಕಳು ದೂರದ ಪಟ್ಟಣಗಳಲ್ಲಿರುತ್ತಾರೆ. ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಸಮಾಧಿಗೆ ಒಪ್ಪಿಸಿದವರಿಗೆ ಮನೆಯು ಬಾಯಿಲ್ಲದ ಮನೆಯಾಗುತ್ತದೆ. ಅಂಥವರಿಗೆ ಬೆಳಿಗ್ಗೆ ಎದ್ದು ಹೋಗುವದಕ್ಕೆ ಒಂದು ಸ್ಥಳ, ಕೈಗೆ ಒಂದು ಕೆಲಸ, ಹೆಸರು ಹಿಡಿದು ಕರೆಯುವ ನಾಲ್ಕು ಮಂದಿ, ಇವು ಆಟದ ಮಾತುಗಳಲ್ಲ. ಕುಂಬಾರನ ಮನೆಯು ಕಲಿಯತಕ್ಕ ಸ್ಥಳವೆಂದು ದೇವರು ಯೆರೆಮೀಯ ಪ್ರವಾದಿಯನ್ನು ಅಲ್ಲಿಗೆ ಕಳುಹಿಸಿದನಲ್ಲವೋ?

ಸ್ಥಳವು ಕೊಂಚವಾಗಿರುವದು ಯಾರ ಕೆಟ್ಟತನದಿಂದಲೂ ಅಲ್ಲ. ಒಂದು ತಿಗರಿಯ ಮುಂದೆ ಒಬ್ಬರೇ ಕುಳಿತುಕೊಳ್ಳಬಹುದು. ಹಸಿಪಾತ್ರೆಯು ಸೀಳದ ಹಾಗೆ ಮೆಲ್ಲಗೆ ಒಣಗಬೇಕಾದ್ದರಿಂದ ಅನೇಕ ದಿವಸ ಹಲಗೆಯ ಮೇಲೆ ಸ್ಥಳ ಹಿಡಿಯುತ್ತದೆ. ತರುವಾಯ ಸುಮಾರು 1000 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಮ್ಮೆ ಸುಡಬೇಕು. ಗಾಜಿನಂಥ ಮೆರುಗು ಬಳಿದು ಮತ್ತೊಮ್ಮೆ ಸುಡಬೇಕು, ಗಟ್ಟಿಜಾತಿಯ ಮಣ್ಣಾದರೆ ಆಗ 1200 ಡಿಗ್ರಿಗೂ ಮೇಲೆ. ಆವಿಗೆಯು ತಾನಾಗಿ ಆರುವ ತನಕ ಬಾಗಿಲು ತೆರೆಯಕೂಡದು. ಒಣಮಣ್ಣಿನ ಧೂಳಿಯಲ್ಲಿರುವ ಸಿಲಿಕವು ಶ್ವಾಸಕೋಶವನ್ನು ಕೆಡಿಸುವಂಥದ್ದಾದ್ದರಿಂದ ವಾಸದ ಕೋಣೆಯಲ್ಲಿ ಈ ಕೆಲಸವು ತಕ್ಕದ್ದಲ್ಲ. ಹೀಗಿರಲಾಗಿ ಕ್ಲಬ್ಬಿನ ಕೋಣೆ ತುಂಬಿದರೆ ಹೊಸಬರು ತಮ್ಮ ಹೆಸರನ್ನು ಪಟ್ಟಿಯಲ್ಲಿ ಬರೆಯಿಸಿ ಕಾಯಬೇಕಾಗುತ್ತದೆ.

ಈ ಪಟ್ಟಿಯನ್ನು ನಾವು ಹಳಿಯುವದಿಲ್ಲ. ಪಟ್ಟಿಯು ಐಶ್ವರ್ಯವಂತನ ಮುಖವನ್ನು ನೋಡುವದಿಲ್ಲ. ನೆಂಟನಿಗೆ ಹಿತ್ತಲ ಬಾಗಿಲು ತೆರೆಯುವದಿಲ್ಲ. ಪಟ್ಟಿಯಿಲ್ಲದ ಸ್ಥಳದಲ್ಲಿ ಬಲವಂತನೇ ಮೊದಲಿಗನಾಗುವನು. ಆದರೂ ಪಟ್ಟಿಗೆ ಒಂದು ಕೊರತೆಯುಂಟು: ಅದು ಎಲ್ಲರ ದಿವಸಗಳನ್ನೂ ಒಂದೇ ಅಳತೆಯಿಂದ ಅಳೆಯುತ್ತದೆ. 56 ವರುಷದವನು 2 ವರುಷ ಕಾಯಬಹುದು. 82 ವರುಷದ ವಿಧವೆಗೆ 2 ವರುಷ ಕಾಯಿರಿ ಎಂಬದು ಬಹುಶಃ ಬರಬೇಡಿರಿ ಎಂಬದಕ್ಕೆ ಸಮಾನವಾದೀತು.

ಒಳಗಿರುವವನ ಮಾತನ್ನೂ ಕೇಳತಕ್ಕದ್ದು. ಅವನು ಹೀಗೆ ಅಂದಾನು: ನಾನೂ ವೃದ್ಧನು, ನಾನೂ ಒಂಟಿಗನು, ಕ್ರಮವಾಗಿ ಕಾದು ಚಂದಾ ಕೊಟ್ಟು ಬಂದೆನು, ಯಾರದನ್ನೂ ಕದಿಯಲಿಲ್ಲ. ಇದು ಸತ್ಯವಾದ ಮಾತು. ಹಾಗಾದರೆ ತಪ್ಪು ಎಲ್ಲಿ ಹುಟ್ಟುತ್ತದೆ? ತಿಗರಿಯು ಬರಿದಾಗಿ ನಿಂತಿದ್ದರೂ ಹೆಸರು ಮಾತ್ರ ಅದನ್ನು ಹಿಡಿದುಕೊಂಡಿರುವಲ್ಲಿ ಹುಟ್ಟುತ್ತದೆ. ವಾರಕ್ಕೆ ಒಂದು ಸಾರಿ ಬರುವವನು ಆರು ದಿವಸವೂ ತನ್ನ ಹಲಗೆಯನ್ನು ಯಾರೂ ಮುಟ್ಟಬಾರದೆಂದರೆ, ಅವನು ಸ್ಥಳವನ್ನು ಉಪಯೋಗಿಸುವವನಲ್ಲ, ಕಾವಲಿಡುವವನು. ನಮಗೆ ದೊರೆತ ಸ್ಥಳವು ಉಪಯೋಗಕ್ಕಾಗಿ ಒಪ್ಪಿಸಲ್ಪಟ್ಟದ್ದೇ ಹೊರತು ಬಾಗಿಲು ಮುಚ್ಚುವದಕ್ಕಾಗಿ ಅಲ್ಲ.

ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಬೇತೆಸ್ದಾ ಕೊಳದ ವೃತ್ತಾಂತವುಂಟು. ಅಲ್ಲಿ 38 ವರುಷಗಳಿಂದ ರೋಗಿಯಾಗಿದ್ದ ಒಬ್ಬನು ಬಿದ್ದುಕೊಂಡಿದ್ದನು. ನೀರು ಕದಲಿದಾಗ ತನ್ನನ್ನು ಇಳಿಸುವವರು ಯಾರೂ ಇಲ್ಲವೆಂದೂ, ತಾನು ಬರುವಷ್ಟರೊಳಗೆ ಮತ್ತೊಬ್ಬನು ಇಳಿಯುತ್ತಾನೆಂದೂ ಅವನು ಕರ್ತನಿಗೆ ತಿಳಿಸಿದನು. ಇಳಿದವರು ಯಾರೂ ನಿಯಮ ಮೀರಿದವರಲ್ಲ. ಆದರೂ ಅವನು ಅಲ್ಲಿಯೇ ಉಳಿದನು. ಯಾರೂ ಅನ್ಯಾಯ ಮಾಡದೆ ಇದ್ದರೂ ಒಬ್ಬನು ಹೊರಗೇ ಉಳಿಯಬಹುದೆಂಬದು ಇದರಿಂದ ತಿಳಿಯುತ್ತದೆ. ನ್ಯಾಯವು ನಿಂತುಹೋಗುವ ಆ ಮೆಟ್ಟಲಿನಿಂದಲೇ ಪ್ರೀತಿಯು ಕೆಳಗಿಳಿಯಬೇಕು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಿಟ್ಟುಕೊಡಿರಿ ಎಂಬ ಉಪದೇಶವನ್ನು ಬಲಹೀನರಿಗೆ ಮಾಡುವದು ಸುಲಭ, ಮತ್ತು ನಾವು ಅವರಿಗೇ ಅದನ್ನು ಹೆಚ್ಚಾಗಿ ಮಾಡುತ್ತೇವೆ. ಆದಿಕಾಂಡದ 26ನೆಯ ಅಧ್ಯಾಯವನ್ನು ಓದಿರಿ. ಇಸಾಕನ ಸೇವಕರು ತೋಡಿದ ಎರಡು ಬಾವಿಗಳ ವಿಷಯವಾಗಿ ಜಗಳ ಹುಟ್ಟಿದಾಗ ಅವನು ಮುಂದೆ ಹೋಗಿ ಮೂರನೆಯದನ್ನು ತೋಡಿಸಿ, ಸ್ಥಳ ದೊರೆಯಿತೆಂಬ ಅರ್ಥದಿಂದ ಅದಕ್ಕೆ ರೆಹೋಬೋತ್ ಎಂದು ಹೆಸರಿಟ್ಟನು. ಬಿಟ್ಟುಕೊಟ್ಟ ಇಸಾಕನು ಬಡವನಲ್ಲ. ಆ ದೇಶದವರು ಭಯಪಡುವಷ್ಟು ಬಲವುಳ್ಳವನಾಗಿದ್ದನು. ಆದಕಾರಣ ಹೆಚ್ಚಾಗಿ ಉಳ್ಳವನೇ ಮೊದಲು ಸರಿಯತಕ್ಕದ್ದು. ಇದೊಂದೇ ಆಶ್ರಯವಾಗಿರುವ ವಿಧವೆಯನ್ನು ಎಬ್ಬಿಸಿ ಮತ್ತೊಬ್ಬ ವಿಧವೆಯನ್ನು ಕೂಡ್ರಿಸುವದು ಪ್ರೀತಿಯಲ್ಲ. ಮನೆತುಂಬ ಮೊಮ್ಮಕ್ಕಳೂ ಬೇರೆ ನಾಲ್ಕು ಕೂಟಗಳೂ ಉಳ್ಳವನು ವಾರದಲ್ಲಿ ಎರಡು ಬೆಳಗನ್ನು ಬಿಟ್ಟುಕೊಟ್ಟರೆ, ಅವನು ಹೊರಗಾಗುವದಿಲ್ಲ, ಮತ್ತೊಬ್ಬರು ಒಳಗಾಗುತ್ತಾರೆ.

ಮತ್ತು ಇದ್ದ ಸ್ಥಳವನ್ನು ಹಂಚುವದರ ಸಂಗಡ ಇಲ್ಲದ ಸ್ಥಳವನ್ನು ಉಂಟುಮಾಡುವದೂ ಪ್ರೀತಿಯ ಕೆಲಸವೇ. ಇದಕ್ಕೆ ನಮ್ಮ ಕನ್ನಡಸೀಮೆಯಲ್ಲಿ ಮಣ್ಣೇ ಸಾಕ್ಷಿ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ, ಕ್ರಿಸ್ತನನ್ನು ಒಪ್ಪಿಕೊಂಡವರಲ್ಲಿ ಅನೇಕರು ಮನೆಯನ್ನೂ ಕಸಬನ್ನೂ ಕಳಕೊಂಡರು. ಅವರಿಗೆ ಮರುಕಪಡುವದು ಮಾತ್ರವೇ ಸಾಲಲಿಲ್ಲ. ನೇಯ್ಗೆಯ ಮಗ್ಗಗಳು ಹೂಡಲ್ಪಟ್ಟವು. 1865ರಲ್ಲಿ ಗೆಯೋರ್ಗ್ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹೊರಗೆ ಹಾಕಲ್ಪಟ್ಟವರು ಜೇಡಿಮಣ್ಣಿನಿಂದ ಪರರ ಮನೆಗಳಿಗೆ ಮಾಡು ಹೊದಿಸುವವರಾದರು.

ಈಗ ನಮ್ಮ ಸಭೆಗಳನ್ನು ನೋಡೋಣ. ನಮ್ಮ ಹಳ್ಳಿಗಳಿಂದಲೂ ಯೌವನಸ್ಥರು ಬೆಂಗಳೂರಿಗೂ ಇತರ ಪಟ್ಟಣಗಳಿಗೂ ಹೋದರು; ಜಗುಲಿಯ ಮೇಲೆ ಮುದುಕರು ಉಳಿದರು. ಸ್ತ್ರೀಸಮಾಜದಲ್ಲಿ, ಗಾಯನಮಂಡಲಿಯಲ್ಲಿ, ಹಿರಿಯರ ಕಮಿಟಿಯಲ್ಲಿ ಬಹುಕಾಲದಿಂದ ಅವೇ ಹೆಸರುಗಳಿರುವದಿಲ್ಲವೋ? ಹೊಸದಾಗಿ ಬಂದ ಮುದುಕಿಯು ಬಾಗಿಲ ಬಳಿಯಲ್ಲಿ ಚಾಪೆಯ ಅಂಚಿನಲ್ಲಿ ಕೂತು ಹೋಗುವದಿಲ್ಲವೋ?

ಮಣ್ಣಿನ ಕೆಲಸದವರು ಅರಿತ ಒಂದು ಸಂಗತಿಯನ್ನು ಇಲ್ಲಿ ಹೇಳುವೆವು. ಮೊದಲನೆಯ ಸುಡುವಿಕೆಯಲ್ಲಿ ಮೆರುಗಿಲ್ಲದ ಪಾತ್ರೆಗಳನ್ನು ಒಂದರೊಳಗೊಂದು ಇಡಬಹುದು. ಒಂದಕ್ಕೊಂದು ತಗಲಿದರೂ ಕೇಡಿಲ್ಲ. ಆವಿಗೆಯು ಬಹಳ ಹಿಡಿಯುತ್ತದೆ. ಮೆರುಗು ಬಳಿದ ಮೇಲೆ ಪಾತ್ರೆಗಳು ಒಂದನ್ನೊಂದು ತಗಲಕೂಡದು. ತಗಲಿದರೆ ಅಂಟಿಕೊಂಡು ಕೆಡುತ್ತವೆ. ಆದ್ದರಿಂದ ಅದೇ ಆವಿಗೆಯಲ್ಲಿ ಸ್ವಲ್ಪವೇ ಹಿಡಿಯುತ್ತದೆ. ನಮ್ಮ ಹೆಸರು, ಹಿರಿತನ, ಬಹುಕಾಲದ ಸೇವೆ ಎಂಬ ಮೆರುಗು ನಮ್ಮ ಸುತ್ತಲೂ ಎಷ್ಟು ಸ್ಥಳವನ್ನು ಬೇಡುತ್ತದೆಂದು ಒಬ್ಬೊಬ್ಬರು ಪರೀಕ್ಷಿಸಿಕೊಳ್ಳಲಿ. ಬರುವ ಆದಿತ್ಯವಾರ ಆರಾಧನೆಗೆ ಕೂಡಿಬರುವಾಗ, ಬಾಗಿಲ ಬಳಿಯಲ್ಲಿ ಕುಳಿತಿರುವವರು ಯಾರೆಂದು ನೋಡಿ, ಅವರ ಹೆಸರನ್ನು ಕೇಳಿ ತಿಳಿದು, ಚಾಪೆಯ ಮೇಲೆ ಸ್ವಲ್ಪ ಸರಿದು ಕುಳಿತುಕೊಳ್ಳೋಣ.