ಪ್ರವಾಸದ ಪಟ್ಟಿ ಸಣ್ಣದಿರಲಿ

ಎರಡು ದಿನ ರಜೆ ಸಿಕ್ಕರೆ ಸಾಕು, ನಮ್ಮ ಪ್ರವಾಸದ ಪಟ್ಟಿ ಮದುವೆ ಸಾಮಾನಿನ ಚೀಟಿಯ ಹಾಗೆ ಬೆಳೆಯುತ್ತದೆ. ಹೇಗೂ ಕಾರು ತೆಗೆದಿದ್ದೇವೆ, ಅದನ್ನೂ ನೋಡಿಬಿಡೋಣ, ಇದೂ ದಾರಿಯಲ್ಲೇ ಬರುತ್ತದಲ್ಲ ಎನ್ನುತ್ತ ಒಂದೊಂದೇ ಊರು ಸೇರಿಕೊಳ್ಳುತ್ತದೆ. ತಿರುಗಿ ಬಂದ ಮೇಲೆ ನೆನಪಿನಲ್ಲಿ ಉಳಿಯುವುದು ಟೋಲ್ ನಾಕಾ, ಟಿಕೆಟ್ಟಿನ ಸಾಲು, ಕಾರು ನಿಲ್ಲಿಸಲು ಜಾಗ ಹುಡುಕಿದ ರಗಳೆ.

ಈ ಚಟ ಎಲ್ಲ ಕಡೆಯೂ ಇದೆ. ಜರ್ಮನಿಯ ಬವೇರಿಯಾ ಸೀಮೆಯಲ್ಲಿ ‘ರೊಮ್ಯಾಂಟಿಕ್ ರೋಡ್’ ಎಂಬ ದಾರಿಯಿದೆ. ವ್ಯೂರ್ಟ್ಸ್‌ಬರ್ಗ್‌ನಿಂದ ಆಲ್ಪ್ಸ್ ತಪ್ಪಲಿನ ಫ್ಯೂಸನ್‌ವರೆಗೆ ಸುಮಾರು 400 ಕಿಲೋಮೀಟರ್. ಯುದ್ಧದಲ್ಲಿ ನುಗ್ಗಾಗಿದ್ದ ದೇಶ ಪ್ರವಾಸಿಗರನ್ನು ಮತ್ತೆ ಕರೆಸಿಕೊಳ್ಳಲು 1950ರಲ್ಲಿ ಹಳೆಯ ಊರುಗಳನ್ನೆಲ್ಲ ಒಂದೇ ದಾರಿಗೆ ಪೋಣಿಸಿ ಈ ಹೆಸರಿಟ್ಟಿತು. ದಾರಿಯ ಕೊನೆಯಲ್ಲಿ ನಾಯ್‌ಶ್ವಾನ್‌ಸ್ಟೈನ್ ಕೋಟೆ. ಎರಡನೆಯ ಲುಡ್ವಿಗ್ ದೊರೆ 1869ರಲ್ಲಿ ಅಡಿಗಲ್ಲು ಹಾಕಿಸಿದ. 1886ರಲ್ಲಿ ಅವನು ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಕೆಲವೇ ವಾರಗಳಲ್ಲಿ ಅದನ್ನು ಜನರಿಗೆ ತೆರೆದರು. ಇವತ್ತು ಅಲ್ಲಿನ ಟಿಕೆಟ್ಟಿನ ಮೇಲೆ ಒಳಗೆ ಹೋಗುವ ಗಳಿಗೆ ಅಚ್ಚಾಗಿರುತ್ತದೆ, ತಪ್ಪಿದರೆ ಒಳಗೆ ಬಿಡುವುದಿಲ್ಲ. ಆ ಗಳಿಗೆ ಹಿಡಿಯುವ ಧಾವಂತದಲ್ಲಿ ರೋಟನ್‌ಬರ್ಗ್, ಡಿಂಕೆಲ್ಸ್‌ಬ್ಯೂಲ್‌ನಂಥ ಗೋಡೆ ಕಟ್ಟಿದ ಹಳೆಯ ಊರುಗಳು ಬರೀ ಫೋಟೊಗಳಾಗಿ ಹಿಂದೆ ಸರಿಯುತ್ತವೆ.

ಇಂಥದೇ ದಾರಿಗೆ ನಮ್ಮ ಬೀದರ್ ಸೀಮೆಯಲ್ಲಿ ಏನೂ ಕಡಿಮೆಯಿಲ್ಲ. 65 ಮತ್ತು 50ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಗಳು ಹುಮನಾಬಾದಿನಲ್ಲಿ ಕೂಡುತ್ತವೆ. ಅಲ್ಲಿಂದ ಯಾವ ಕಡೆ ಸ್ಟೇರಿಂಗ್ ತಿರುಗಿಸಿದರೂ ಒಂದೊಂದು ಕಾಲದ ರಾಜಧಾನಿ. ರಾಷ್ಟ್ರಕೂಟರ ಮಯೂರಖಂಡಿ ಎಂದು ಹಲವರು ಗುರುತಿಸುವ ಮೋರಖಂಡಿ, ಕಾಗಿಣಾ ದಂಡೆಯ ಮಳಖೇಡ, ಚಾಲುಕ್ಯರ ಕಲ್ಯಾಣವಾದ ಇಂದಿನ ಬಸವಕಲ್ಯಾಣ, 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ಕಲಬುರಗಿ, ಆಮೇಲೆ ಬೀದರ್. ಬವೇರಿಯಾದವರ ಹಾಗೆ ಇವನ್ನೂ ಒಂದು ಹೆಸರಿನಲ್ಲಿ ಪೋಣಿಸಿ, ದಾರಿಯುದ್ದಕ್ಕೂ ಫಲಕ ನೆಟ್ಟರೆ ಸರ್ಕಾರಕ್ಕೆ ಆಗುವ ಖರ್ಚು ಹೆಚ್ಚೇನಲ್ಲ.

ಆದರೆ ಎರಡೇ ದಿನ ಇರುವವರು ಮಾಡಬೇಕಾದ ಮೊದಲ ಕೆಲಸ ಪಟ್ಟಿಯಿಂದ ಅಳಿಸುವುದು. ಮಳಖೇಡ ಅಳಿಸಿ. ಕಲಬುರಗಿ ಅಳಿಸಿ. ಮನಸ್ಸು ಗಟ್ಟಿ ಮಾಡಿಕೊಂಡು ಬೀದರ್ ಕೋಟೆಯನ್ನೂ ಹೊಡೆದುಹಾಕಿ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನಚಿಪ್ಪಿನ ಕೆಲಸ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಂಬಜ್‌ಗಳು ಇವಕ್ಕೇ ಒಂದು ಇಡೀ ದಿನ ಬೇಕು. ಸಂಜೆ ಐದಕ್ಕೆ ಓಡೋಡಿ ಹೋಗಿ ನೋಡುವ ಜಾಗವಲ್ಲ ಅದು. ಈಗ ಉಳಿದದ್ದು ಮೋರಖಂಡಿ, ಬಸವಕಲ್ಯಾಣ, ಜಲಸಂಗ್ವಿ, ಹುಮನಾಬಾದ್. ಇಷ್ಟೇನಾ ಎಂದು ಮನೆಯವರು ಮುಖ ಸಣ್ಣ ಮಾಡಬಹುದು. ಇಷ್ಟೇ.

ಮೋರಖಂಡಿಯಿಂದಲೇ ಶುರು ಮಾಡಿ. ಕಾರು ನಿಲ್ಲಿಸಿದ ಕೂಡಲೇ ಕಟ್ಟೆಯ ಮೇಲೆ ಕೂತ ಹಿರಿಯರು ಯಾರಾದರೂ, “ಇಲ್ಲೇನದಾರೀ ನೋಡ್ಲಾಕ? ಕ್ವಾಟಿ ನೋಡಬೇಕಂದ್ರ ಕಲ್ಯಾಣಕ್ಕ ಹೋಗ್ರಿ” ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಹಿಮಾಲಯದವರೆಗೆ ದಂಡು ಒಯ್ದನೆಂದು ಶಾಸನಗಳು ಹೊಗಳುವ ರಾಷ್ಟ್ರಕೂಟರ ಮೂರನೆಯ ಗೋವಿಂದ ಮಯೂರಖಂಡಿಯಲ್ಲಿ ಬೀಡುಬಿಟ್ಟು ದಾನಶಾಸನಗಳನ್ನು ಹೊರಡಿಸಿದ. ಅವನ ಮಗ ಅಮೋಘವರ್ಷನ ಕಾಲದಲ್ಲಿ ರಾಜಧಾನಿ ಮಳಖೇಡಕ್ಕೆ ಹೋಯಿತು. ನಾಸಿಕದ ಕಡೆಯ ಬೆಟ್ಟವೊಂದೇ ಆ ಮಯೂರಖಂಡಿ ಎನ್ನುವ ವಿದ್ವಾಂಸರೂ ಇದ್ದಾರೆ. ಈ ವಾದವನ್ನೇ ಕಟ್ಟೆಯ ಮೇಲೆ ಎತ್ತಿ ನೋಡಿ, ಚಾ ತಾನಾಗಿ ಬರುತ್ತದೆ. ನೋಡಲು ಏನೂ ಇಲ್ಲದ ಊರಿನಲ್ಲಿ ಮಾತಾಡಲು ಪುರುಸೊತ್ತು ಸಿಗುತ್ತದೆ.

ಕಲ್ಯಾಣದಲ್ಲಿ ಕಣ್ಣಿಗೆ ಕೆಲಸ ಹೆಚ್ಚು. ಚಾಲುಕ್ಯರ ಒಂದನೆಯ ಸೋಮೇಶ್ವರ 11ನೇ ಶತಮಾನದಲ್ಲಿ ಮಳಖೇಡ ಬಿಟ್ಟು ಇಲ್ಲಿಗೆ ಬಂದ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕಾಶ್ಮೀರದ ಬಿಲ್ಹಣ ಕಾವ್ಯ ಬರೆದ, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಅಣ್ಣತಮ್ಮಂದಿರ ಆಸ್ತಿ ಪಾಲಿನ ತಕರಾರಿನಲ್ಲಿ ಇಂದಿಗೂ ಕೋರ್ಟಿನಲ್ಲಿ ಕೇಳಿಬರುವ ಹೆಸರು ಅದು. ಮುಂದೆ ಬಿಜ್ಜಳ, ಬಸವಣ್ಣ, ಶರಣರು. ಈಗ ಕಾಣುವ ಕೋಟೆಯ ಗೋಡೆಗಳಲ್ಲಿ ಬಹಮನಿ, ಆದಿಲಶಾಹಿಗಳ ಕೈಯೇ ಹೆಚ್ಚು. ಒಳಗಿನ ವಸ್ತುಸಂಗ್ರಹಾಲಯ ನೋಡಿಕೊಂಡು, ಸಂಜೆ ತ್ರಿಪುರಾಂತ ಕೆರೆಯ ಕಡೆ ಕಾಲಾಡಿಸಿ, ರಾತ್ರಿ ಅಲ್ಲೇ ಉಳಿಯಿರಿ.

ಮರುದಿನ ಬೆಳಿಗ್ಗೆ ಜಲಸಂಗ್ವಿ. ಅಲ್ಲಿನ ಗುಡಿಯ ಹೊರಗೋಡೆಯಲ್ಲಿ ಶಿಲಾಬಾಲಿಕೆಯರ ಸಾಲಿದೆ. ಅವರಲ್ಲಿ ಒಬ್ಬಳು ಕನ್ನಡಿ ಹಿಡಿದವಳಲ್ಲ, ಕುಣಿಯುವವಳೂ ಅಲ್ಲ; ಬರೆಯುತ್ತಿದ್ದಾಳೆ. ಅವಳ ಕೈಯಿಂದ ಮೂಡುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಒಂಬೈನೂರು ವರ್ಷಗಳ ಹಿಂದಿನ ರೂವಾರಿ ಹೆಣ್ಣಿನ ಕೈಗೆ ಬರಹ ಕೊಟ್ಟ ಎನ್ನುವುದನ್ನು ನಿಂತು ನೋಡಲು ಅರ್ಧ ಗಂಟೆಯಾದರೂ ಬೇಕು. ಅಲ್ಲಿಂದ ಹುಮನಾಬಾದಿನ ವೀರಭದ್ರೇಶ್ವರ. ಊರ ಪಕ್ಕದಲ್ಲೇ ಮಾಣಿಕನಗರ. ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳ ಗದ್ದುಗೆಗೆ ಹಿಂದೂ, ಮುಸಲ್ಮಾನ ಭಕ್ತರೆಲ್ಲರೂ ನಡೆದುಕೊಳ್ಳುತ್ತಾರೆ. ಹಸಿವಾದರೆ ಪೇಟೆಯಲ್ಲಿ ಸುಸಲಾ, ಮಿರ್ಚಿ ಭಜಿ ಸಿಗುತ್ತದೆ.

ದಿನ ಆರಿಸುವುದು ನಿಮ್ಮ ಕೈಯಲ್ಲಿದ್ದರೆ ಎಳ್ಳಮಾಸಿಗೆ ಬನ್ನಿ. ಡಿಸೆಂಬರ್ ಕೊನೆ, ಇಲ್ಲವೆ ಜನವರಿ ಮೊದಲಿಗೆ ಬರುವ ಆ ಅಮಾವಾಸ್ಯೆಯ ದಿನ ಬೀದರ್ ಜಿಲ್ಲೆಯ ಊರುಗಳೆಲ್ಲ ಬಣಗುಡುತ್ತವೆ, ಜನರೆಲ್ಲ ಹೊಲದಲ್ಲಿರುತ್ತಾರೆ. ಜೋಳದ ಕಣಿಕೆಯ ಗುಡಿಸಲಿನಲ್ಲಿ ಭೂತಾಯಿಗೆ ಪೂಜೆ, ಹೊಲದ ಸುತ್ತ ಚೆಲ್ಲುವ ನೈವೇದ್ಯದ ಚರಗ. ಸಜ್ಜಿ ರೊಟ್ಟಿ, ಅಂಬಲಿ, ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಕುದಿಸಿದ ಭಜ್ಜಿ. ಬದುವಿನ ಪಕ್ಕ ಕಾರು ನಿಧಾನ ಮಾಡಿದರೆ ಸಾಕು, “ಬರ್ರೀ, ಉಂಡ್ ಹೋಗ್ರಿ” ಎಂಬ ಕರೆ ಬರುತ್ತದೆ. ಮಧ್ಯಾಹ್ನ ಎರಡಕ್ಕೆ ಇನ್ನೊಂದು ಕೋಟೆ ಎಂದು ಪಟ್ಟಿಯಲ್ಲಿ ಬರೆದುಕೊಂಡವರು ಕೈ ಮುಗಿದು ಮುಂದೆ ಹೋಗಬೇಕಾಗುತ್ತದೆ. ಖಾಲಿ ಬಿಟ್ಟವರು ಇಳಿದು ಪಂಕ್ತಿಯಲ್ಲಿ ಕೂರುತ್ತಾರೆ.

ಬಿಟ್ಟುಬಂದ ಊರುಗಳ ಬಗ್ಗೆ ಹಳಹಳಿ ಬೇಡ. ಮಳಖೇಡ, ಕಲಬುರಗಿ, ಬೀದರ್ ಮುಂದಿನ ರಜೆಗಿರಲಿ. ಈ ಸೀಮೆಯಲ್ಲಿ ಜಾಗ ಬದಲಿಸಿದ್ದು ರಾಜಧಾನಿಗಳು ಮಾತ್ರ, ಊರುಗಳು ಇದ್ದಲ್ಲೇ ಇವೆ.